ಅಲಗಿನ ಮೇಲಿನ ಬಳ್ಳಿ

ಹಿತ್ತಿಲ ಬಾಗಿಲಲ್ಲೇ ಮಾಯವ್ವ ನಿಂತುಬಿಟ್ಟಳು. ಸೊಸೆ ಭಾಗ್ಯಾ ಒಗೆಯುವ ಕಲ್ಲಿನ ಮೇಲೆ ಚಾಕು ಮಲಗಿಸಿಕೊಂಡು ಕೂತಿದ್ದಳು. ದೇವರ ದೀಪಕ್ಕೆ ಹೊಸೆದಿಟ್ಟ ಹತ್ತಿಬತ್ತಿಗಳನ್ನು ಬಟ್ಟಲಲ್ಲಿದ್ದ ಯಾವುದೋ ನೀರಿನಲ್ಲಿ ಅದ್ದಿ, ಒಂದೊಂದನ್ನೇ ಅಲಗಿನ ಮೇಲೆ ಸೊಟ್ಟಸೊಟ್ಟಗೆ ಅಂಟಿಸುತ್ತಿದ್ದಳು. ಹುಳಿವಾಸನೆ ಮೂಗಿಗೆ ಬಡಿಯಿತು. ಇದೇನೆಂದು ಕೇಳಿದ್ದಕ್ಕೆ, ಚಂದ ಕಾಣಲೆಂದು ಎಂದಷ್ಟೇ ಹೇಳಿ ತಲೆ ಬಗ್ಗಿಸಿದಳು.

ಚಾಕು ಯಾರ ಕಣ್ಣಿಗೆ ಚಂದ ಕಾಣಬೇಕು? ಎಂದುಕೊಳ್ಳುತ್ತ ಮಾಯವ್ವ ಒಳಗೆ ಹೋದಳು.

ಕೊಣ್ಣೂರಿನ ಹುಡುಗಿ ಅಬ್ಬಿಗೇರಿಯ ಈ ಮನೆಗೆ ಬಂದು ಮೂರು ತಿಂಗಳಾಗಿತ್ತು. ಮಾಯವ್ವನ ಹೊಟ್ಟೆಯಲ್ಲಿ ಉರಿ ಶುರುವಾಗಿ ಎರಡು ತಿಂಗಳು. ರೋಣದ ಡಾಕ್ಟರು ಖಾರ ಕಡಿಮೆ ಮಾಡಲು ಹೇಳಿದ್ದರು. ಹುಟ್ಟಿದಾಗಿನಿಂದ ತಿಂದ ಖಾರ ಈಗ ಯಾಕೆ ಸುಡಬೇಕೆಂಬುದು ಅವಳಿಗೆ ಹೊಳೆದಿರಲಿಲ್ಲ. ಸಂಜೆ ಒಲೆಯ ಪಕ್ಕ ಆ ಚಾಕು ಕಂಡಿತು. ಅಲಗಿನುದ್ದಕ್ಕೂ ಕಪ್ಪುನೀಲಿ ಬಳ್ಳಿ ಹರಿದಿತ್ತು. ಹೊಟ್ಟೆಯ ಉರಿ ಎಲ್ಲಿಂದ ಬಂತೆಂದು ಅವಳಿಗೆ ಹೊಳೆದಂತಾಯಿತು.

ಅಂದಿನಿಂದ ಉಪವಾಸವೆಂದು ನೆಪ ಹೇಳಿ, ಪಕ್ಕದ ಮನೆಯ ಶೇಖವ್ವನಲ್ಲಿ ರೊಟ್ಟಿ ತಿಂದು ಬರತೊಡಗಿದಳು. ಟೆಂಪೋ ಓಡಿಸುವ ಮಗ ಕನಕರಾಜನ ಕಿವಿಗೆ, ಹೆಂಡತಿಯನ್ನು ತವರಿಗೆ ಬಿಟ್ಟು ಬಾ ಎಂದು ಹಾಕಿದಳು. ಅವನು ನಕ್ಕುಬಿಟ್ಟ. ಐದನೆಯ ದಿನ ಸೊಸೆ ಗಿರಣಿಗೆ ಹೋದಾಗ ಬೂದಿ, ಉಸುಕು ಹಾಕಿ ಚಾಕುವನ್ನು ಗಸಗಸ ತಿಕ್ಕಿದಳು. ಬಳ್ಳಿ ಹೋಗಿ ಅಲಗು ಬೆಳ್ಳಗಾದ ಮೇಲೆ ತೊಳೆದು, ಒರೆಸದೆ ಇಟ್ಟಳು.

ಮರುದಿನ ಬೆಳಿಗ್ಗೆ ಅಲಗಿನ ತುಂಬ ಕೆಂಪು ತುಕ್ಕಿನ ಚುಕ್ಕೆಗಳು. ಭಾಗ್ಯಾ ಅದನ್ನು ತಿಕ್ಕಿ ತೊಳೆದು ಮಾವಿನಕಾಯಿ ಹೆಚ್ಚಿದರೆ ಹೋಳುಗಳ ಅಂಚು ಕಪ್ಪಾದವು. ಮಾಯವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಭಾಗ್ಯಾ ಚಾಕು ನೋಡಿದಳು, ಅತ್ತೆಯನ್ನು ನೋಡಿದಳು.

“ನೀವು ತಿಕ್ಕಿದ್ರೇನ್ರಿ, ಅತ್ತಿ?”

“ನನ್ನ ಊಟದಾಗ ಏನ ಹಾಕಾಕತ್ತೀ? ಖರೇ ಹೇಳು.”

ಭಾಗ್ಯಾಳ ಮುಖದ ನೆತ್ತರು ಇಳಿಯಿತು. ಚಾಕು ಕೆಳಗಿಟ್ಟಳು. ಆಮೇಲೆ ಮೆಲ್ಲಗೆ ಹೇಳಿದಳು:

“ನಮ್ಮಪ್ಪ ಗ್ಯಾರೇಜಿನ್ಯಾಗ ಲಾರಿ ಸ್ಪ್ರಿಂಗಿನ ಪಾಟಾ ಕಡದು ಮಾಡಿಕೊಟ್ಟ ಚಾಕುರಿ ಇದು. ಬರೇ ಬಿಟ್ರ ತುಕ್ಕ ಹಿಡಿತೈತಿ, ಹುಳಿ ಹೆಚ್ಚಿದ್ರ ಕರ್ರಗ ಮಾಡ್ತೈತಿ. ವಿನೆಗರ್ ಹಚ್ಚಿ ಮೊದ್ಲ ಕಪ್ಪ ಮಾಡಿದ್ರ ಅಷ್ಟ ತ್ರಾಸ ಇರಂಗಿಲ್ಲ. ಹಚ್ಚೂದು ಹಚ್ಚತೀನಿ, ಬಳ್ಳಿ ಬಿಡಿಸೂಣು ಅಂದೆ.”

ಒಳಗಿನಿಂದ ಸೀಸೆ ತಂದಳು. ಗೋಬಿ ಮಂಚೂರಿ ಗಾಡಿಯವರು ಇಡುವಂಥದೇ ಸೀಸೆ. ಅಂಗೈಗೆ ನಾಲ್ಕು ಹನಿ ಹಾಕಿಕೊಂಡು ಅತ್ತೆಯ ಎದುರೇ ನೆಕ್ಕಿದಳು. ಹುಳಿಗೆ ಕಣ್ಣು ಮುಚ್ಚಿಕೊಂಡಿತು. ಮತ್ತೆ ಬತ್ತಿ ಅದ್ದಿ ಅಲಗಿನ ಮೇಲೆ ಇಟ್ಟಳು. ಒಂದೆರಡು ಬತ್ತಿ ಜಾರಿದವು, ಮತ್ತೆ ಎತ್ತಿಟ್ಟಳು. ಮಾಯವ್ವ ಎದುರು ಕೂತು, ಅವಳ ಬೆರಳುಗಳಿಂದ ಕಣ್ಣು ತೆಗೆಯಲಿಲ್ಲ. ತಾಸಿನ ಮೇಲೆ ಬತ್ತಿ ಎತ್ತಿದಾಗ ಬಳ್ಳಿ ಅಲ್ಲಲ್ಲಿ ಕಡಿದಿತ್ತು.

ಭಾಗ್ಯಾ ಚಾಕು ತೊಳೆದು ಒರೆಸಿ, ಅದರಲ್ಲೇ ಒಂದು ಸೌತೆಕಾಯಿ ಹೆಚ್ಚಿದಳು. ಒಂದು ಹೋಳು ತಾನು ಬಾಯಿಗಿಟ್ಟುಕೊಂಡು, ಒಂದನ್ನು ಅತ್ತೆಯ ಕೈಗೆ ಕೊಟ್ಟಳು.

ಮಾಯವ್ವ ಹೋಳು ಹಿಡಿದುಕೊಂಡು ಸೊಸೆಯ ಗಂಟಲನ್ನೇ ನೋಡುತ್ತಿದ್ದಳು. ಭಾಗ್ಯಾ ನುಂಗಿ, ಇನ್ನೊಂದು ಹೋಳು ತಿಂದಳು. ಮತ್ತೊಂದು ತಿಂದಳು. ತಟ್ಟೆಯಲ್ಲಿ ಎರಡೇ ಹೋಳು ಉಳಿದಾಗ ಮಾಯವ್ವ ತನ್ನ ಕೈಯಲ್ಲಿದ್ದುದರ ಅಂಚನ್ನು ಮುಂದಿನ ಹಲ್ಲಿನಿಂದ ಒಂದಿಷ್ಟು ಕಚ್ಚಿದಳು.