ಶೇಂಗಾನ ಕಾಲಿಗೆ ನೀರು

ನಾನು ಒಂದು ನವಾರಿನ ತುಂಡು, ಮಂಚಕ್ಕೆ ಹೆಣೆಯುವ ಹತ್ತಿಯ ಪಟ್ಟಿ. ನಾಲ್ಕು ಬೆರಳು ಅಗಲ, ಮಂಚದಷ್ಟು ಉದ್ದ, ಎರಡೂ ಅಂಚಿಗೆ ನೀಲಿ ಗೆರೆ. ಬೆಟಗೇರಿಯ ಒಂದು ಕೈಮಗ್ಗದ ಮೇಲೆ ಹುಟ್ಟಿದೆ. ನೇಯುತ್ತಿದ್ದ ಅಜ್ಜ ಲಾಳಿ ಓಡಿಸುತ್ತ ಏನೋ ಗುನುಗುತ್ತಿದ್ದ. ಆ ಗುನುಗು ನನ್ನ ಎಳೆಗಳ ನಡುವೆ ಎಲ್ಲೋ ಸಿಕ್ಕಿಕೊಂಡಿದೆಯೆಂದು ನಾನು ಈಗಲೂ ನಂಬಿದ್ದೇನೆ.

ಆಗ ನಾನು ತುಂಡಾಗಿರಲಿಲ್ಲ. ದೊಡ್ಡ ಉಂಡೆಯಾಗಿ ಹುಬ್ಬಳ್ಳಿಗೆ ಬಂದು, ಪಾರವ್ವನ ಮನೆಯ ಮಂಚಕ್ಕೆ ಹಾಸು ಹೊಕ್ಕಾಗಿ ಬಿಗಿದುಕೊಂಡೆ. ಮಧ್ಯಾಹ್ನ ಪಾರವ್ವ ಮಗಳು ಕಸ್ತೂರಿಯನ್ನು ಪಕ್ಕಕ್ಕೆ ಹಾಕಿಕೊಂಡು ಕತೆ ಹೇಳುತ್ತಿದ್ದಳು. ಏಳು ಸಮುದ್ರದಾಚೆಯ ರಾಜಕುಮಾರಿ, ಮೀನಿನ ಹೊಟ್ಟೆಯ ಉಂಗುರ, ಮಾತಾಡುವ ಗಿಳಿ. ಕೆಳಗಿನಿಂದ ನನಗೆ ಅವರ ಮುಖ ಕಾಣುತ್ತಿರಲಿಲ್ಲ. ಆದರೆ ಮಗು ನಕ್ಕರೆ ನಾನು ಅಲುಗುತ್ತಿದ್ದೆ, ಹೆದರಿ ತಾಯಿಯತ್ತ ಸರಿದರೆ ಒಂದೇ ಕಡೆ ಜಗ್ಗುತ್ತಿದ್ದೆ. ಕತೆ ಕೇಳುವವರು ಮೇಲೆ, ಹೊರುವವರು ನಾವು ಕೆಳಗೆ.

ಕಸ್ತೂರಿ ದೊಡ್ಡವಳಾಗಿ ಮನೆಯಲ್ಲೇ ಹೊಲಿಗೆ ಮಿಷಿನ್ ಹಾಕಿದಳು. ಮಂಚದ ಕಾಲಿಗೆ ಗೆದ್ದಲು ಹತ್ತಿತು, ಕಬ್ಬಿಣದ ಮಂಚ ಬಂತು. ನನ್ನನ್ನು ಬಿಚ್ಚಿ ಕತ್ತರಿಸಿದರು. ಒಂದು ತುಂಡು ಹಾಸಿಗೆ ಸುತ್ತಲು ಹೋಯಿತು, ಒಂದು ಕಿಟಕಿಯ ಪರದೆ ಕಟ್ಟಲು, ಉಳಿದ ನಾನು ಬೇವಿನ ಎಲೆಯ ಜೊತೆ ಟ್ರಂಕಿನೊಳಗೆ.

ಟ್ರಂಕಿನ ಕತ್ತಲೆಯಲ್ಲೇ ನಾನು ಶೇಂಗಾನ ದನಿಯನ್ನು ಮೊದಲು ಕೇಳಿದೆ. ಊರು ಬಿಟ್ಟು ಹೋಗುವ ಗಿರಾಕಿಯೊಬ್ಬಳು ಕುಪ್ಪಸ ಒಯ್ಯಲು ಬಂದವಳು ನಾಯಿಮರಿಯನ್ನು ಇಲ್ಲೇ ಬಿಟ್ಟು ಹೋಗಿದ್ದಳಂತೆ. ತೆಂಗಿನಕಾಯಿ ಗಾತ್ರ, ಶೇಂಗಾ ಸಿಪ್ಪೆಯ ಬಣ್ಣವಂತೆ. ಪಾರವ್ವ ಅದಕ್ಕೆ ಹೆಸರನ್ನೂ ಹಾಗೇ ಇಟ್ಟಳು.

ತೆಂಗಿನಕಾಯಿ ಗಾತ್ರದ ಆ ಜೀವ ಎಷ್ಟು ಬೊಗಳುತ್ತಿತ್ತು! ಗಾಳಿಗೆ ಪರದೆ ಅಲುಗಿದರೆ ಬೊಗಳು, ಕುಕ್ಕರ್ ಸೀಟಿ ಹೊಡೆದರೆ ಬೊಗಳು. ಚಪ್ಪಲಿ ಕಡಿಯಿತು, ಬಾಗಿಲ ಚೌಕಟ್ಟು ಕೆರೆಯಿತು. ಒಂದು ದಿನ ಯಾರದೋ ಮದುವೆಯ ರೇಷ್ಮೆ ಕುಪ್ಪಸದ ತೋಳು ಹರಿಯಿತು. ಕೆಳಗಿನ ಮನೆಯ ಹಲಗೇರಿ ಮಾಸ್ತರು, ಈ ಮನೆಯ ಮಾಲೀಕರು, ಮೆಟ್ಟಿಲು ಹತ್ತಿ ಬಂದರು.

“ಪಾರವ್ವಾರ, ಇದು ನಾಯೋ, ಮಿಲ್ಲಿನ ಭೋಂಗಾನೋ? ಅಮಾಸಿಯೊಳಗ ಇದನ್ನ ಎಲ್ಲ್ಯಾರ ಕಳಸ್ರಿ. ಇಲ್ಲಾಂದ್ರ ನೀವ ಬ್ಯಾರೆ ಮನಿ ನೋಡ್ಕೋರಿ.”

ಅವರು ಇಳಿದು ಹೋದ ಮೇಲೆ ಕಸ್ತೂರಿ ಹೇಳಿದಳು: “ನವಲಗುಂದಕ್ಕ, ಮಾಮಾನ ಹೊಲಕ್ಕ ಬಿಟ್ಟು ಬರೂನು ಬೇ. ಗಿರಾಕಿ ಬಟ್ಟಿ ಹಿಂಗ ಹರದ್ರ ನಾ ಏನ್ ಹೊಲೀಲಿ?”

“ಅದು ಇನ್ನಾ ಕೂಸು. ಯಾರದೋ ಕಣ್ಣ ಬಿದ್ದಾವ, ಅದಕ್ಕ ಹಿಂಗ ಮಾಡತೈತಿ” ಎಂದ ಪಾರವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಮನೆಯೆಲ್ಲ ಕೆಮ್ಮಿತು. ಶೇಂಗಾ ಸೀನುತ್ತ, ಸೀನಿನ ನಡುವೆಯೂ ಬಿಡದೆ ಬೊಗಳಿದ.

ಅವನನ್ನು ಹೊರಗೆ ಒಯ್ಯುತ್ತಿರಲಿಲ್ಲವೆಂದಲ್ಲ. ದಿನಾ ಸಂಜೆ ಪಾರವ್ವ ಸೆರಗಿನಲ್ಲಿ ಸುತ್ತಿ, ಕಂಕುಳಲ್ಲಿ ಎತ್ತಿಕೊಂಡು ಓಣಿ ಸುತ್ತಿಸಿ ತರುತ್ತಿದ್ದಳು. ಓಣಿಯ ಹೆಂಗಸರು ಸುಮ್ಮನೆ ಬಿಡುತ್ತಿದ್ದರೇ?

“ಏನ ಪಾರವ್ವ, ಮೊಮ್ಮಗನ್ನ ತಿರಗಾಡಸಾಕ ಹೊಂಟೀದಿ?”

“ಹೂಂ ಮತ್ತ. ಓಣಿ ರಾಡಿ ತುಳದ ಕಾಲು ತಗೊಂಡು ದೇವರ ಜಗಲಿ ಮುಂದ ಹೆಂಗ ಮಲಗತಾನ?”

ಹೀಗಾಗಿ ಶೇಂಗಾನ ಕಾಲು ಓಣಿಯ ನೆಲವನ್ನೇ ಮುಟ್ಟಿರಲಿಲ್ಲ. ಮೆಟ್ಟಿಲ ಮೇಲೆ ಕಾಲಿಡಲು ಹೋದರೂ ಪಾರವ್ವ ಗಬಕ್ಕನೆ ಎತ್ತಿಕೊಳ್ಳುತ್ತಿದ್ದಳು. ಸಣ್ಣ ನಾಯಿಗೆ ಸಣ್ಣ ಮನೆಯೇ ಸಾಕೆಂದು ಎಲ್ಲರೂ ತಿಳಿದಿದ್ದರು.

ಅಮಾವಾಸ್ಯೆಗೆ ಇನ್ನೇನು ಕೆಲವೇ ದಿನ ಇರುವಾಗ ಪಾರವ್ವನ ರಟ್ಟೆ ಹಿಡಿದುಕೊಂಡಿತು. ಕೈ ಮೇಲೆ ಏಳದು. ಶೇಂಗಾನನ್ನು ಎತ್ತಿಕೊಳ್ಳಲು ಅವಳಿಂದಾಗಲಿಲ್ಲ. ಆಮೇಲೆ ತನ್ನಷ್ಟಕ್ಕೆ ತಾನೇ, “ಹೊಲಕ್ಕ ಹೋಗೂ ಮೊದಲ ಓಣಿನಾರ ನೋಡಲಿ” ಎಂದು ಎದ್ದು ಟ್ರಂಕು ತೆರೆದಳು. ಎಷ್ಟೋ ಕಾಲದ ಮೇಲೆ ನನ್ನ ಮೈಮೇಲೆ ಬೆಳಕು ಬಿತ್ತು. ನನ್ನನ್ನು ಮೂಗಿಗೆ ಹಿಡಿದು ಒಂದು ಗಳಿಗೆ ನಿಂತಳು. ಹಳೆಯ ಮಧ್ಯಾಹ್ನಗಳ ವಾಸನೆ ಅವಳಿಗೂ ಬಂತೋ ಏನೋ. ನನ್ನ ಒಂದು ತುದಿಯನ್ನು ಶೇಂಗಾನ ಕೊರಳಿಗೆ ಸಡಿಲವಾಗಿ ಕಟ್ಟಿದಳು.

ಓಣಿಗಿಳಿದ ಶೇಂಗಾ ನಡುಗುತ್ತ ನಿಂತ. ಆ ನಡುಕ ನನ್ನೊಳಗಿಂದ ಹಾದು ಪಾರವ್ವನ ಬೆರಳಿಗೆ ಮುಟ್ಟಿತು. “ನಡಿಯಪ್ಪ, ನಾ ಅದೀನಿ” ಎಂದಳು. ಅವನು ಮೂಗು ನೆಲಕ್ಕೆ ತಾಗಿಸಿದ. ಅಷ್ಟೇ, ಅವನ ಲೋಕ ತೆರೆಯಿತು! ಕಂಬದಿಂದ ಕಂಬಕ್ಕೆ, ಗಟಾರದ ಅಂಚಿನಿಂದ ಹಿಟ್ಟಿನ ಗಿರಣಿಯ ಕಟ್ಟೆಗೆ. ಒಂದೊಂದು ಕಂಬವೂ ಅವನಿಗೆ ಒಂದೊಂದು ಕತೆ ಹೇಳುವಂತಿತ್ತು: ಇಲ್ಲಿ ಯಾರು ಬಂದಿದ್ದರು, ಏನು ತಿಂದಿದ್ದರು, ಎತ್ತ ಹೋದರು. ಮಂಚದ ಮೇಲಿನ ಕಸ್ತೂರಿಯಂತೆ ಅವನೂ ಪೂರ್ತಿ ಕೇಳದೆ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ.

ಮನೆಯ ಹೊಸ್ತಿಲಿಗೆ ಬಂದಾಗ ಪಾರವ್ವ ತಡೆದು ನಿಂತಳು. ನಾಲ್ಕೂ ಕಾಲು ರಾಡಿ. ಒಳಗೆ ಜಗಲಿ. ಅವಳು ನಾಯಿಯನ್ನು ನೋಡಿದಳು, ಅದು ನಾಲಿಗೆ ಹೊರಗೆ ಹಾಕಿ ನಗುವಂತೆ ಅವಳನ್ನೇ ನೋಡುತ್ತಿತ್ತು. ಆಮೇಲೆ ಒಳಗೆ ಹೋಗಿ, ಮನೆಗೆ ಬಂದ ಬೀಗರಿಗೆ ತರುವ ಹಾಗೆ, ತಂಬಿಗೆ ತುಂಬ ನೀರು ತಂದಳು.

“ದೂರದಿಂದ ಬಂದೀಯಪ್ಪ. ತಗೋ, ಕಾಲಿಗೆ ನೀರು.”

ಮಿಷಿನ್ ಮುಂದೆ ಕೂತಿದ್ದ ಕಸ್ತೂರಿ ನಕ್ಕಳು. “ಬೀಗರಿಗೆ ಎರಡ ಕಾಲು ಬೇ. ಇವಗ ಇನ್ನೊಂದು ತಂಬಗಿ ಬೇಕು.”

ಕಾಲು ತೊಳೆಸಿಕೊಂಡ ಶೇಂಗಾ ಜಗಲಿಯ ಮುಂದೆ ಬಿದ್ದುಕೊಂಡ. ಕುಕ್ಕರ್ ಸೀಟಿ ಹೊಡೆಯಿತು. ಅವನ ಒಂದು ಕಿವಿ ಮಾತ್ರ ಅಲುಗಿತು.

ಹೇಗೂ ಹೊಲಕ್ಕೆ ಹೋಗುವವನಲ್ಲವೇ ಎಂದು ಪಾರವ್ವ ಮರುದಿನವೂ ಒಯ್ದಳು, ಅದರ ಮರುದಿನವೂ. ಅಮಾವಾಸ್ಯೆಯ ಬೆಳಿಗ್ಗೆ ಅವನನ್ನು ಹೊಲಕ್ಕೆ ಒಯ್ಯಲು ಬುಟ್ಟಿಯಲ್ಲಿ ಹಳೆಯ ಸೀರೆ ಹಾಸಿ ಇಟ್ಟಿದ್ದರು. ನಾನು ಬುಟ್ಟಿಯ ಅಂಚಿಗೆ ಜೋತುಬಿದ್ದಿದ್ದೆ. ಅಷ್ಟರಲ್ಲಿ ಮಾಸ್ತರು ಬಂದರು.

“ಕಳಿಸೇಬಿಟ್ರೇನ? ಧ್ವನಿನ ಇಲ್ಲಲ್ಲ. ಹೋಗೂ ಮೊದಲ ನನಗ ಒಂದ ಮಾತ ಹೇಳೂದಲ್ಲೇನ್ರಿ?” ದನಿಯಲ್ಲಿ ಸಿಟ್ಟಿರಲಿಲ್ಲ, ಏನೋ ಕಳೆದುಕೊಂಡವರ ಹಾಗಿತ್ತು.

ಕಸ್ತೂರಿ ಮಿಷಿನಿನ ಕೆಳಗೆ ಬೆರಳು ತೋರಿಸಿದಳು. ಚಿಂದಿ ಬಟ್ಟೆಗಳ ನಡುವೆ ಒಂದನ್ನೂ ಕಡಿಯದೆ ಶೇಂಗಾ ನಿದ್ದೆ ಹೋಗಿದ್ದ.

“ನಾಯಿ ಅದೇ ಐತ್ರಿ ಮಾಸ್ತರ. ಈಗ ತನ್ನ ಕಾಲಲೇ ಓಣಿ ತಿರಗಾಡಿ ಬರತೈತಿ, ಅಷ್ಟ.”

ಮಾಸ್ತರು ಮಿಷಿನಿನ ಕೆಳಗೆ ಬಗ್ಗಿ ನೋಡಿದರು. “ಹಂಗಾರ ದಿನಾ ತಿರಗಾಡಸ್ರಿ. ಒಂದ ದಿನ ತಪ್ಪಿಸಿದ್ರೂ ನನಗ ಕೆಳಗ ಗೊತ್ತಾಗತೈತಿ!”

ಕಸ್ತೂರಿ ಬುಟ್ಟಿಯ ಸೀರೆ ತೆಗೆದು ಮಡಚಿಟ್ಟಳು. ಪಾರವ್ವ ಕಣ್ಣೊರೆಸಿಕೊಂಡು ಚಹಾಕ್ಕಿಟ್ಟಳು.

ಮಾಸ್ತರು ಹೇಳಿದ್ದು ಸುಳ್ಳಾಗಲಿಲ್ಲ. ಜಡಿಮಳೆಗೆ ಒಂದು ಸಂಜೆ ತಪ್ಪಿದರೆ ಶೇಂಗಾ ಪರದೆಗೆ ಬೊಗಳುತ್ತಿದ್ದ, ಕೆಳಗಿನಿಂದ ಕೂಗು ಬರುತ್ತಿತ್ತು: “ಪಾರವ್ವಾರ, ಇವತ್ತ ಹೋಗಿಲ್ಲಲ್ಲಾ? ನನ್ನ ಛತ್ರಿ ಒಯ್ಯರಿ!”

ಹೀಗೆ ವರ್ಷಗಳು ನಡೆದವು. ನನ್ನ ನೀಲಿ ಗೆರೆ ಮಾಸಿತು, ಅಂಚು ಬಿಚ್ಚಿತು. ಕಸ್ತೂರಿ ಎರಡು ಸಲ ಹೊಲಿದು ಕೊಟ್ಟಳು. ಶೇಂಗಾನ ಮೀಸೆ ಬೆಳ್ಳಗಾಯಿತು, ಹಿಂಗಾಲು ಸೋತವು. ಪಾರವ್ವ ಒಂದು ದಿನ ನನ್ನನ್ನು ಬಾಗಿಲ ಹಿಂದಿನ ಮೊಳೆಗೆ ಹಾಕಿ, “ಸಾಕು, ಇನ್ನ ಮಲಕೊಳ್ಳಲಿ” ಎಂದಳು.

ಅವತ್ತು ಸಂಜೆ ಶೇಂಗಾ ಬೊಗಳಲಿಲ್ಲ. ತೆವಳುತ್ತ ಬಂದು, ನಾನಿದ್ದ ಮೊಳೆಯ ಕೆಳಗೆ ಕುಳಿತು, ತಲೆಯೆತ್ತಿ ನನ್ನನ್ನೇ ನೋಡಿದ.

ಮಿಷಿನಿನ ಸದ್ದು ನಿಂತಿತು. ಕಸ್ತೂರಿ ಎದ್ದು ಬಂದಳು. ನನ್ನನ್ನು ಇಳಿಸಿ ಅವನ ಕೊರಳಿಗೆ ಕಟ್ಟಿ, ಅವನನ್ನು ಎದೆಗೆ ಎತ್ತಿಕೊಂಡಳು. ಇನ್ನೊಂದು ತುದಿಯನ್ನು ತಾಯಿಯ ಕೈಗೆ ಕೊಟ್ಟಳು.

“ಎತ್ಕೊಂಡ ಹೋಗೂದಕ್ಕ ನವಾರ ಯಾಕ?” ಎಂದಳು ಪಾರವ್ವ.

“ಹಿಡಿ ಬೇ. ಇಲ್ಲಾಂದ್ರ ಅವಗ ತಿರಗಾಡಿದಂಗ ಆಗೂದಿಲ್ಲ.”

ಈಗ ದಿನಾ ಹಾಗೆಯೇ ಹೋಗುತ್ತೇವೆ. ಕಂಬ ಬಂದಾಗ ಕಸ್ತೂರಿ ಬಗ್ಗುತ್ತಾಳೆ, ಅವನು ಮೂಗು ಚಾಚಿ ಕತೆ ಕೇಳುತ್ತಾನೆ, ಮುಗಿಯುವವರೆಗೆ ನಾವು ಕಾಯುತ್ತೇವೆ. ಮಂಚವಾಗಿದ್ದಾಗ ಒಂದು ಮಗುವನ್ನು ಹೊತ್ತಿದ್ದೆ, ಆ ಮಗುವೇ ಇವತ್ತು ಇನ್ನೊಂದನ್ನು ಹೊತ್ತಿದೆ. ನನ್ನ ಮೇಲೆ ಈಗ ಯಾವ ಭಾರವೂ ಇಲ್ಲ. ಇಬ್ಬರ ನಡುವೆ ಸಡಿಲವಾಗಿ ತೂಗುತ್ತೇನೆ.

ಮನೆಗೆ ಬಂದ ಮೇಲೆ ಪಾರವ್ವ ತಂಬಿಗೆ ತರುತ್ತಾಳೆ.

“ಅವ ನೆಲಾನ ಮುಟ್ಟಿಲ್ಲಲ್ಲ ಬೇ” ಎನ್ನುತ್ತಾಳೆ ಕಸ್ತೂರಿ.

“ಇರಲಿ. ತಿರಗಾಡಿ ಬಂದಾನಲ್ಲ” ಎಂದು ಪಾರವ್ವ ಒಂದೊಂದೇ ಕಾಲು ಹಿಡಿದು, ನಾಲ್ಕಕ್ಕೂ ನೀರು ಹಾಕುತ್ತಾಳೆ.