ಬರೆಯೋಕೇ ಇರೋ ಗೋಡೆ

ಬರೆದದ್ದು ಒಂದೂ ಅಳಿಯುವುದಿಲ್ಲ ಎಂದು ದೊಡ್ಡ ಟೀಚರ್ ಹನ್ನೊಂದು ವರ್ಷದ ಹಿಂದೆ ಒಂದನೇ ಕ್ಲಾಸಿನ ಮಕ್ಕಳಿಗೆ ಮಾತು ಕೊಟ್ಟಿದ್ದರು. ಆ ಮಾತಿಗೆ ಇವತ್ತು ಸಂಜೆ ಆರರವರೆಗೆ ಮಾತ್ರ ಉಸಿರಿದೆ ಎಂದು ತಿಳಿದಿದ್ದವಳು ಆ ಮನೆಯಲ್ಲಿ ಒಬ್ಬಳೇ. ಅವಳು ಈಗ ಕೈಯಲ್ಲಿ ಹೂವು ಹಿಡಿದು, ದೊಡ್ಡ ಟೀಚರನ್ನು ಮಲಗಿಸಿದ್ದ ಮಂಚದ ತಲೆದೆಸೆಯಲ್ಲಿ, ಅವರ ಮಗಳ ಕಿವಿಗೆ ಬಾಯಿ ತಂದು, ಕೇಳಬಾರದ ಹೊತ್ತಿನಲ್ಲಿ ಕೇಳಬಾರದ್ದನ್ನು ಕೇಳುತ್ತಿದ್ದಳು.

“ಪಾಸ್‌ವರ್ಡಾ?” ಎಂದಳು ಮಗಳು.

ಗೋಡೆಗೆ ಒರಗಿಸಿದ್ದ ಕುರ್ಚಿಗಳಲ್ಲಿ ಕೂತಿದ್ದ ನಾಲ್ಕೈದು ತಲೆ ಒಟ್ಟಿಗೆ ಇತ್ತ ತಿರುಗಿದವು.

“ಮೆಲ್ಲಗಮ್ಮಾ. ಶಾಲೆ ಬ್ಲಾಗಿಂದು. ಎಲ್ಲಾದ್ರೂ ಚೀಟೀಲಿ ಬರೆದಿಟ್ಟಿದ್ದಾರಾ ಅಂತ.”

“ಟೀಚರ್, ಅಮ್ಮ ನಮ್ಮನೆ ವೈಫೈ ಪಾಸ್‌ವರ್ಡನ್ನ ಫ್ರಿಜ್ ಮೇಲೆ ಅಂಟಿಸಿದ್ರು, ಆಮೇಲೆ ಫ್ರಿಜ್ ಮೇಲೆ ಅಂಟಿಸಿದ್ದನ್ನೇ ಮರೆತಿದ್ರು.” ಬೆಳಗಿನಿಂದ ಅತ್ತು ಊದಿದ ಮುಖದಲ್ಲಿ ಮಗಳಿಗೆ ನಗು ಉಕ್ಕಿತು. ಅದನ್ನು ಮುಚ್ಚಲು ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೊಸದಾಗಿ ಬಂದವರು ಪಾಪ, ಎಷ್ಟು ಅಳುತ್ತಿದ್ದಾಳೆ ಎಂದುಕೊಂಡರು.

ಕೇಳಿದವಳಿಗೆ ಶಾಲೆಯಲ್ಲಿ ಕೆಂಪು ಪೆನ್ನು ಎಂದು ಹೆಸರು. ಮಕ್ಕಳು ಬೆನ್ನ ಹಿಂದೆ ಇಟ್ಟದ್ದು. ಈಗ ಎದುರಿಗೂ ಬಂದಿತ್ತು. ಇಪ್ಪತ್ತೊಂದು ವರ್ಷದಿಂದ ನಾಲ್ಕನೇ ಕ್ಲಾಸು. ಅವಳ ಕಣ್ಣು ತಪ್ಪಿಸಿ ಒಂದು ಒತ್ತಕ್ಷರವೂ ಬದುಕಿದ್ದಿಲ್ಲ.

ಬ್ಲಾಗಿಗೆ ಜಾಗ ಕೊಟ್ಟಿದ್ದ ಕಂಪನಿ ಬಾಗಿಲು ಮುಚ್ಚುತ್ತಿತ್ತು. ತಿಂಗಳ ಕೊನೆಯ ದಿನ ಸಂಜೆ ಆರಕ್ಕೆ ಎಲ್ಲ ಅಳಿಸಿಹೋಗುತ್ತದೆ, ಬೇಕಾದವರು ಅಷ್ಟರೊಳಗೆ ಇಳಿಸಿಕೊಳ್ಳಿ ಎಂದು ಪುಟದ ನೆತ್ತಿಯ ಮೇಲೆ ಮೂರು ವಾರದಿಂದ ಬರೆದುಕೊಂಡಿತ್ತು. ಇವತ್ತೇ ಆ ಕೊನೆಯ ದಿನ. ಓದಲು ಯಾರು ಬೇಕಾದರೂ ಓದಬಹುದಿತ್ತು. ಗಂಟುಕಟ್ಟಿ ಒಟ್ಟಿಗೆ ಇಳಿಸಿಕೊಳ್ಳಲು ಮಾತ್ರ ಪಾಸ್‌ವರ್ಡ್ ಬೇಕು. ಮರೆತವರು ಒತ್ತುವ ಗುಂಡಿ ಒತ್ತಿದರೆ, ಶಾಲೆ ಎಂದೋ ಕೈಬಿಟ್ಟ ಇಮೇಲಿಗೆ ಓಲೆ ಹೋಗುತ್ತಿತ್ತು. ಹೋದ ಭಾನುವಾರ ಕೆಂಪು ಪೆನ್ನು ಒಂದೊಂದೇ ಪುಟವನ್ನು ಕೈಯಿಂದ ನಕಲು ಮಾಡಲು ಕೂತಿದ್ದಳು. ಇನ್ನೂರಕ್ಕೆ ಬೆರಳು ಸೋತಿತು. ಪುಟಗಳಿದ್ದದ್ದು ನಾಲ್ಕು ಸಾವಿರ.

ಮಗಳು ಅವಳನ್ನು ಅಡುಗೆಮನೆಗೆ ಕರೆದೊಯ್ದಳು. ಅಲ್ಲಿ ದೊಡ್ಡ ಟೀಚರ ಗಂಡ, ಬಸ್ಸು ಓಡಿಸಿ ನಿವೃತ್ತರಾದವರು, ಸ್ಟೂಲಿನ ಮೇಲೆ ಕೂತು ತಣ್ಣಗಾದ ಟೀ ಲೋಟವನ್ನು ಸ್ಟೀರಿಂಗಿನಂತೆ ತಿರುಗಿಸುತ್ತಿದ್ದರು. ವಿಷಯ ಕೇಳಿ ನೆಟ್ಟಗಾದರು.

“ನನ್ನ ಹೆಸರು ಹಾಕಿ ನೋಡಿ.”

ಫೋನಿನಲ್ಲಿ ಹಾಕಿದಳು. ತಪ್ಪು ಎಂದಿತು.

“ಹೆಸರಿನ ಮುಂದೆ ನಮ್ಮ ಮದುವೆ ವರ್ಷ ಹಾಕಿ.”

ಅದೂ ತಪ್ಪು.

“ಮೂವತ್ತೆಂಟು ವರ್ಷ ಸಂಸಾರ ಮಾಡಿದೀನಿ,” ಎಂದರು ಅವರು, ಫೋನಿಗೆ. “ಮಗಳ ಹೆಸರು ಹಾಕಿ ಹಾಗಾದ್ರೆ. ಅದೇ ಇರುತ್ತೆ. ನಂಗೊತ್ತು.”

ಮಗಳ ಹೆಸರೂ ಅಲ್ಲ ಎಂದು ತಿಳಿದಾಗ ಅವರ ಮುಖ ಒಂದಿಷ್ಟು ಗೆಲುವಾಯಿತು.

ಶಾಲೆಯ ಆಯಮ್ಮ ಕೆಟಲ್ ತುಂಬಿಸಿಕೊಳ್ಳಲು ಬಂದವಳು ಬಾಗಿಲಲ್ಲೇ ನಿಂತಳು. “ಏನ್ ಟೀಚರ್, ಇವತ್ತೂ ಫೋನಾ? ದೊಡ್ಡಮ್ಮನ್ನ ಕಳಿಸೋತನಕ ಆದ್ರೂ ಅದನ್ನ ಚೀಲಕ್ಕೆ ಹಾಕ್ಬಾರ್ದಾ? ನೋಡಿದೋರು ಏನಂದ್ಕೋತಾರೆ?”

ಕೆಂಪು ಪೆನ್ನು ಫೋನನ್ನು ಚೀಲಕ್ಕೆ ಹಾಕಿದಳು. ಗೋಡೆಯ ಗಡಿಯಾರ ಹನ್ನೆರಡೂವರೆ ತೋರಿಸುತ್ತಿತ್ತು. ದೊಡ್ಡ ಟೀಚರನ್ನು ಒಯ್ಯುವ ಗಾಡಿ ಬರುವುದು ಮೂರಕ್ಕೆ.

*

ದೊಡ್ಡ ಟೀಚರ್ ಮುಖ್ಯೋಪಾಧ್ಯಾಯಿನಿಯಾಗಿ ಬಂದಾಗ ಶಾಲೆಯಲ್ಲಿ ಮೂರು ಕಂಪ್ಯೂಟರುಗಳಿದ್ದವು. ಮೂರೂ ಹೂವಿನ ಹೊದಿಕೆ ಹೊದ್ದು, ಬೀಗ ಹಾಕಿದ ಕೋಣೆಯಲ್ಲಿ, ಸುಖವಾಗಿ ಮಲಗಿದ್ದವು. ಆಯಮ್ಮ ವಾರಕ್ಕೊಮ್ಮೆ ಹೊದಿಕೆಯ ಮೇಲಿನ ಧೂಳು ಹೊಡೆಯುತ್ತಿದ್ದಳು.

“ಮಕ್ಕಳು ಮುಟ್ಟಿದ್ರೆ ಕೆಟ್ಟುಹೋಗುತ್ತೆ ಮೇಡಂ,” ಎಂದು ಸ್ಟಾಫ್ ರೂಮಿನ ಪರವಾಗಿ ಹೇಳಿದ್ದು ಕೆಂಪು ಪೆನ್ನೇ.

ದೊಡ್ಡ ಟೀಚರ್ ಗುಂಡಿ ಒತ್ತಿದರು. ಮೂರರಲ್ಲಿ ಎರಡು ಮಿಸುಕಲಿಲ್ಲ. “ಮುಟ್ಟದೆ ಕೆಟ್ಟಿವೆ ನೋಡಿ,” ಎಂದರು. ಹೊದಿಕೆಗಳನ್ನು ಮನೆಗೆ ಒಯ್ದು, ಹೊಲಿದು, ಇಪ್ಪತ್ತು ಪೆನ್ಸಿಲ್ ಚೀಲ ಮಾಡಿ ತಂದರು.

ಉಳಿದ ಒಂದು ಕಂಪ್ಯೂಟರಿನ ಸುತ್ತ ಒಂದನೇ ಕ್ಲಾಸನ್ನು ಕೂರಿಸಿಕೊಂಡು ಅವರು ಹೇಳಿದ್ದನ್ನು ಕೆಂಪು ಪೆನ್ನು ಕಿಟಕಿಯಲ್ಲಿ ನಿಂತು ಕೇಳಿಸಿಕೊಂಡಿದ್ದಳು. “ಗೋಡೆ ಮೇಲೆ ಬರೆದ್ರೆ ಬೈತೀವಿ ಅಲ್ವಾ? ಇದು ಬರೆಯೋಕೇ ಇರೋ ಗೋಡೆ. ನೀವು ಬರೆದದ್ದನ್ನ ಇಲ್ಲಿ ಯಾರೂ ತಿದ್ದಲ್ಲ, ಯಾರೂ ಅಳಿಸಲ್ಲ. ನನ್ನ ಮಾತು.”

ಅಂದಿನಿಂದ ಬ್ಲಾಗಿಗೆ ಗೋಡೆ ಎಂದೇ ಹೆಸರಾಯಿತು. ಮೊದಲ ವಾರ ಒಬ್ಬಳು ಬರೆದಳು: ನಮ ಮನೆ ಹಲಿಗೆ ಹೊಸ ಬಾಲ ಬಂತು. ಅವಳ ಅಪ್ಪ ಲಾರಿ ಓಡಿಸುವವನು. ಎಲ್ಲೋ ಪೆಟ್ರೋಲ್ ಬಂಕಿನಲ್ಲಿ ನಿಂತು ಅದನ್ನು ಓದಿ, ಹಳೇ ಬಾಲ ಎಲ್ಲಿ ಹೋಯ್ತು ಮಗಳೇ ಎಂದು ಕೆಳಗೆ ಕೇಳಿದ. ಮರುದಿನ ಇಡೀ ಕ್ಲಾಸು ಬೆಂಚಿನ ಕೆಳಗೆ ಹೊಕ್ಕು ಬಾಲ ಹುಡುಕಿತು. ಹುಡುಕಿದ್ದನ್ನು ಬರೆಯಿತು. ಶಾಲೆ ಬಿಡುವ ಗಂಟೆ ಹೊಡೆದರೂ ಮೇಲೇಳದ ಮಕ್ಕಳನ್ನು ಕೆಂಪು ಪೆನ್ನು ಅದಕ್ಕೆ ಮೊದಲು ಕಂಡಿರಲಿಲ್ಲ.

ನೋಡುತ್ತ ನೋಡುತ್ತ ಅವಳೂ ಕೈ ಹಾಕಿದಳು. ನಾಲ್ಕನೇ ಕ್ಲಾಸಿನ ಬರಹ ಏರಿಸಲು ದೊಡ್ಡ ಟೀಚರ್ ಅವಳಿಗೂ ಪಾಸ್‌ವರ್ಡ್ ಕೊಟ್ಟರು. ಆಗ ಅವಳ ಸ್ವಂತ ಮಗುವಿಗೆ ಎಂಟು ತಿಂಗಳು. ಹಗಲೆಲ್ಲ ನಿದ್ದೆ ಮಾಡಿ ಅವಳು ಮನೆಗೆ ಬಂದಮೇಲೆ ಕಣ್ಣು ಬಿಡುವ ಮಗು. ಒಂದು ಮಧ್ಯಾಹ್ನ ಗೋಡೆಯ ಮೇಲೆ ಹೀಗೊಂದು ಬರಹ ಕಂಡಿತು:

ನಮ್ಮ ಟಿಚರ್ ಗಣಿತದ ಹೊತ್ತು ಮೇಜಿನ ಮೇಲೆ ನಿದೆ ಮಾಡುತಾರೆ. ನಾವು ಸದು ಮಾಡುವುದಿಲ.

ಅವಳ ಕಿವಿ ಕಾದವು. ಅಳಿಸಿಬಿಟ್ಟಳು. ಒಂದೇ ಗುಂಡಿ.

ಸಂಜೆ ದೊಡ್ಡ ಟೀಚರ್ ಕರೆದರು. ಬೈಯಲಿಲ್ಲ. “ಕಾಗುಣಿತ ತಪ್ಪಿತ್ತು,” ಎಂದು ಇವಳೇ ಶುರುಮಾಡಿದಳು.

“ಎರಡನೇ ಸಾಲು ಓದಿದ್ರಾ?”

“ಓದಿದೆ.”

“ಮೂವತ್ತು ಮಕ್ಕಳು ಸದ್ದು ಮಾಡದೆ ಕೂತ್ಕೋಬೇಕು ಅಂದ್ರೆ ನಾನೂ ನೀವೂ ಬೆತ್ತ ಹಿಡಿದ್ರೂ ಆಗಲ್ಲ. ನಿಮಗೋಸ್ಕರ ಕೂತಿದ್ವು. ಅದನ್ನ ಬರೆದಿದೆ ಆ ಮಗು. ನೆನಪಿರೋ ಹಾಗೆ ವಾಪಸ್ ಬರೀರಿ.”

ಕೂತು ಬರೆದಳು. ದೊಡ್ಡ ಟೀಚರ್ ಹಿಂದೆ ನಿಂತು ಓದಿ ಗಹಗಹಿಸಿ ನಕ್ಕರು. “ನಿದ್ದೆಗೆ ಒತ್ತು ಕೊಟ್ಟಿದ್ದೀರಲ್ರೀ! ತಪ್ಪು ಸಮೇತ ಹಾಕಿ.” ತಪ್ಪು ಬರೆಯುವುದು ಎಷ್ಟು ಕಷ್ಟ ಎಂದು ಅವಳಿಗೆ ಗೊತ್ತಾದದ್ದು ಅವತ್ತು.

ಮರುದಿನ ಪಾಸ್‌ವರ್ಡ್ ಬದಲಾಗಿತ್ತು. ಇನ್ನು ಕೀಲಿ ಯಾವ ಟೀಚರ ಹತ್ತಿರವೂ ಬೇಡ ಎಂದರು ದೊಡ್ಡ ಟೀಚರ್. ಯಾರ ಹತ್ತಿರ ಎಂದು ಇವಳು ಕೇಳಲಿಲ್ಲ. ಕೇಳುವ ಮುಖ ಇರಲಿಲ್ಲ. ದಿನಾ ಬೆಳಗ್ಗೆ ದೊಡ್ಡ ಟೀಚರ ಕೋಣೆಯಲ್ಲಿ ಗೋಡೆ ತೆರೆದಿರುತ್ತಿತ್ತು. ಎಲ್ಲ ಕ್ಲಾಸುಗಳೂ ಸರದಿಯ ಮೇಲೆ ಹೋಗಿ ಬರೆದು ಬರುತ್ತಿದ್ದವು.

*

ಆಸ್ಪತ್ರೆಗೆ ಸೇರುವಾಗ ದೊಡ್ಡ ಟೀಚರ್, “ಹತ್ತು ದಿನ ಅಷ್ಟೇ. ಬಂದು ಇಳಿಸ್ಕೊಳ್ಳೋಣ,” ಎಂದಿದ್ದರು. ಹತ್ತು ದಿನ ಇಪ್ಪತ್ತಾಯಿತು. ಮೊನ್ನೆ ಕೆಂಪು ಪೆನ್ನು ನೋಡಲು ಹೋದಾಗ ಕಣ್ಣು ಬಿಟ್ಟು ಮೊದಲು ಕೇಳಿದ್ದೇ ಅದು.

“ಗೋಡೆ ಇಳಿಸಿದ್ರಾ?”

ಪಾಸ್‌ವರ್ಡ್ ಏನು ಎಂಬ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಮೂಗಿನ ನಳಿಕೆ, ಬತ್ತಿದ ತುಟಿ ನೋಡಿ ಅದು ಅಲ್ಲೇ ನಿಂತಿತು. “ಆಯ್ತು ಮೇಡಂ,” ಎಂದಳು.

ದೊಡ್ಡ ಟೀಚರ ಹುಬ್ಬು ಮೇಲೇರಿತು. “ಮಕ್ಕಳು ಒಪ್ಪಿದ್ರಾ?”

“ಹ್ಞೂಂ. ಒಪ್ಪಿದ್ರು.”

“ಸದ್ಯ,” ಎಂದರು. ನಕ್ಕಂತೆ ಮಾಡಿ, ಮಗ್ಗುಲಾಗಿ, ಮಗುವಿನ ಹಾಗೆ ನಿದ್ದೆಹೋದರು. ಮತ್ತೆ ಯಾರೊಂದಿಗೂ ಮಾತಾಡಲಿಲ್ಲ. ಅವರು ಕೇಳಿದ ಕೊನೆಯ ಪ್ರಶ್ನೆಗೆ ತಾನು ಕೊಟ್ಟದ್ದು ಸುಳ್ಳು ಉತ್ತರ. ಇವತ್ತು ಆರು ಗಂಟೆಯೊಳಗೆ ಅದನ್ನು ನಿಜ ಮಾಡದಿದ್ದರೆ ಅದು ಸುಳ್ಳಾಗಿಯೇ ಉಳಿಯುತ್ತದೆ.

*

ಎರಡು ಗಂಟೆಗೆ ಒಂದನೇ ಕ್ಲಾಸು ಬಂತು. ಇಪ್ಪತ್ತೆರಡು ಮಕ್ಕಳು, ಒಬ್ಬರ ಹಿಂದೊಬ್ಬರು, ಚಪ್ಪಲಿ ಬಾಗಿಲಾಚೆ ಬಿಟ್ಟು, ಕೈಗೊಂದು ಹೂವು ಹಿಡಿದು. ಮುಂದೆ ಇದ್ದವಳು ಬೇಕರಿಯವನ ಮಗಳು. ಚೋಟುದ್ದ ಇದ್ದರೂ ಮಾತು ಖಾರವೆಂದು ಅವಳನ್ನು ಎಲ್ಲರೂ ಮೆಣಸು ಎನ್ನುತ್ತಿದ್ದರು.

ಮೆಣಸು ಮಂಚದ ಬಳಿ ನಿಂತು ಚೆನ್ನಾಗಿ ನೋಡಿದಳು. “ಕನ್ನಡಕ ಎಲ್ಲಿ?” ಎಂದು ಕೇಳಿದಳು.

ಯಾರಿಗೂ ಹೊಳೆದಿರಲಿಲ್ಲ. ಮಗಳು ಒಳಗೆ ಹೋಗಿ ತಂದು, ಒರೆಸಿ, ಅಮ್ಮನಿಗೆ ಹಾಕಿದಳು. ಆಗ ಅವರು ದೊಡ್ಡ ಟೀಚರೇ ಆದರು. ಕುರ್ಚಿಗಳಲ್ಲಿ ಕೂತಿದ್ದವರು ಮತ್ತೆ ಅತ್ತರು.

ಮೆಣಸು ಹೂವಿಟ್ಟು ಬಂದು ಆಯಮ್ಮನ ಸೆರಗು ಜಗ್ಗಿದಳು. “ಆಯಮ್ಮಾ, ನಾಳೆ ಗೋಡೆ ತೆಗೀತೀವಾ? ನನ್ನ ಸರದಿ ಬಂದಿತ್ತು, ಅಷ್ಟರಲ್ಲಿ ದೊಡ್ಡ ಟೀಚರ್‌ಗೆ ಹುಷಾರಿಲ್ಲದೆ ಆಯ್ತು.”

ಕೆಂಪು ಪೆನ್ನು ಟೀ ಲೋಟ ಕೆಳಗಿಟ್ಟಳು. ಮಕ್ಕಳು ಒಪ್ಪಿದ್ರಾ? ಆ ಪ್ರಶ್ನೆ ಈಗ ಅರ್ಥವಾಯಿತು.

ಮೆಣಸಿನ ಮುಂದೆ ಮಂಡಿಯೂರಿದಳು. “ಗೋಡೆ ಕೀಲಿ ನಿನಗೆ ಗೊತ್ತಾ?”

ಹುಡುಗಿ ಬಾಯಿ ಬಿಗಿಮಾಡಿಕೊಂಡಳು. ಹಿಂದಿದ್ದ ಇಪ್ಪತ್ತೊಂದು ಬಾಯಿಗಳೂ ಬಿಗಿಯಾದವು.

“ಅಯ್ಯೋ ದೇವರೇ, ಇವರ ಹತ್ರ ಇದೆ!” ಎಂದಳು ಆಯಮ್ಮ.

ಹೌದು, ಅವರ ಹತ್ತಿರವೇ ಇತ್ತು. ಪ್ರತಿವರ್ಷ ಒಂದನೇ ಕ್ಲಾಸು ಕೈ ಎತ್ತಿ ಹೊಸ ಪಾಸ್‌ವರ್ಡ್ ಆರಿಸುತ್ತಿತ್ತು. ದಿನಕ್ಕೊಬ್ಬರು ಬೆಳಗ್ಗೆ ಬಂದು ಗೋಡೆ ತೆರೆಯುತ್ತಿದ್ದರು. ಅಪ್ಪನಿಗೂ ಹೇಳಬಾರದು, ಅಮ್ಮನಿಗೂ ಹೇಳಬಾರದು, ಟೀಚರಿಗಂತೂ ಹೇಳಲೇಬಾರದು. ಐದನೇ ಕ್ಲಾಸಿನ ತನಕ ಎಲ್ಲ ಮಕ್ಕಳಿಗೂ ಈ ವ್ಯವಸ್ಥೆ ಗೊತ್ತಿತ್ತು. ಗೊತ್ತಿಲ್ಲದ್ದು ಸ್ಟಾಫ್ ರೂಮಿಗೆ ಮಾತ್ರ.

“ಹೇಳಮ್ಮಾ, ಜಾಣೆ. ಇವತ್ತು ಸಂಜೆ ಗೋಡೆ ಬಿದ್ದುಹೋಗುತ್ತೆ. ಅಷ್ಟರೊಳಗೆ ಎಲ್ಲಾ ತೆಗೆದಿಡಬೇಕು.”

“ಹೇಳಲ್ಲ. ಮಾತು ಕೊಟ್ಟಿದ್ದೀವಿ.”

“ದೊಡ್ಡ ಟೀಚರ್‌ಗೋಸ್ಕರ?”

“ಅವರಿಗೇ ಕೊಟ್ಟಿರೋದು.”

ಕೆಂಪು ಪೆನ್ನು ಅವಳಿಗೆ ಇನ್ನಷ್ಟು ಹತ್ತಿರ ಸರಿದಳು. “ಸರಿ, ಹೇಳ್ಬೇಡ. ನೀನೇ ಬಂದು ತೆಗಿ. ನಿನ್ನ ಸರದಿ ತಾನೇ?”

ಮೆಣಸು ತೂಗಿ ನೋಡಿದಳು. “ಎಲ್ಲರನ್ನೂ ಕೇಳ್ಬೇಕು.”

ಅಂಗಳದ ಮೂಲೆಯಲ್ಲಿ ಇಪ್ಪತ್ತೆರಡು ತಲೆಗಳು ಒಂದಾದವು. ಗುಸುಗುಸು ನಡೆಯಿತು. ಕೈಗಳು ಎದ್ದವು, ಇಳಿದವು, ಮತ್ತೆ ಎದ್ದವು. ಮೆಣಸು ವಾಪಸ್ ಬಂದಳು.

“ನೀವು ಒಳಗೆ ಹೋಗಿ ತಿದ್ತೀರಿ ಅಂತಿದ್ದಾರೆ.”

“ತಿದ್ದಲ್ಲ.”

“ಒಂದೂ?”

“ಒಂದೂ ತಿದ್ದಲ್ಲ ಕಣೇ. ನನ್ನ ಮಾತು.”

ಇನ್ನೊಮ್ಮೆ ಗುಸುಗುಸು. ಈ ಸಲ ಇಪ್ಪತ್ತೆರಡು ಕೈಗಳೂ ಎದ್ದವು.

ಕೆಂಪು ಪೆನ್ನು ಮಂಚದ ಕಡೆ ನೋಡಿದಳು. ಈಗ ಹೋದರೆ ಗಾಡಿ ಹೊರಡುವಾಗ ತಾನು ಇಲ್ಲಿರುವುದಿಲ್ಲ. ಮಗಳು ಅವಳ ಭುಜ ತಳ್ಳಿದಳು. “ಹೋಗಿ ಟೀಚರ್. ಅಮ್ಮ ಎದ್ದು ಕೂತಿದ್ರೂ ನಿಮ್ಮನ್ನ ಅಲ್ಲಿಗೇ ಓಡಿಸ್ತಿದ್ರು.”

“ಏನಂತೆ, ಯಾರ ಹೆಸರಂತೆ?” ಎಂದು ಒಳಗಿನಿಂದ ಬಸ್ಸಿನವರು ಕೇಳಿದರು.

“ಹೇಳಲ್ಲ ತಾತಾ!” ಎಂದಳು ಮೆಣಸು.

*

ಶಾಲೆಯಲ್ಲಿ, ದೊಡ್ಡ ಟೀಚರ ಕೋಣೆಯಲ್ಲಿ, ಮೆಣಸು ಕುರ್ಚಿಯ ಮೇಲೆ ಮಂಡಿಯೂರಿ ಕೂತಳು. ಕೈ ಕೀಲಿಮಣೆಯ ಮೇಲಿಟ್ಟವಳು ಅಲ್ಲೇ ತಡೆದಳು.

“ತಿರುಗಿ ನಿಂತ್ಕೊಳ್ಳಿ. ಗೋಡೆ ಕಡೆ. ಮೂಗು ಗೋಡೆಗೆ ತಾಗ್ಬೇಕು.”

ಇಪ್ಪತ್ತೊಂದು ವರ್ಷದಲ್ಲಿ ಎಷ್ಟೋ ಮಕ್ಕಳನ್ನು ಹಾಗೆ ನಿಲ್ಲಿಸಿದ್ದವಳು ಹೋಗಿ ನಿಂತಳು. ಸುಣ್ಣದ ವಾಸನೆ ಮೂಗಿಗೆ ಬಡಿಯಿತು. ಹಿಂದೆ ಒಂದೇ ಬೆರಳಿನ ಸದ್ದು: ಟಕ್. ಬಹಳ ಹೊತ್ತಾದ ಮೇಲೆ, ಟಕ್.

ಹೊರಗೆ ರಸ್ತೆಯಲ್ಲಿ ಗಾಡಿಯ ಸದ್ದು ಕೇಳಿತು. ಶಾಲೆಯ ಗೇಟಿನ ಎದುರು ಅದು ನಿಧಾನವಾಗಿ ನಿಂತಿತು. ಉಳಿದ ಮಕ್ಕಳ ಜೊತೆ ಶಾಲೆಗೆ ಬಂದಿದ್ದ ಆಯಮ್ಮನ ಅಳು ಕೇಳಿತು. ಯಾರೋ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಕೆಂಪು ಪೆನ್ನು ಕಿಟಕಿಯತ್ತ ಕತ್ತು ತಿರುಗಿಸಿದಳು.

“ತಿರುಗ್ಬೇಡಿ! ಇನ್ನೂ ಆಗಿಲ್ಲ.”

ಅವಳು ಮತ್ತೆ ಮೂಗನ್ನು ಗೋಡೆಗೆ ತಂದಳು. ಗಾಡಿ ಒಂದು ನಿಮಿಷ ನಿಂತು, ಹೊರಟು, ತಿರುವಿನಲ್ಲಿ ಸದ್ದು ಕರಗಿಹೋಯಿತು. ಕಣ್ಣೀರು ಇಳಿದು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಅದರ ಜೊತೆಗೆ ನಗುವೂ ಬರುತ್ತಿತ್ತು. ಭುಜಗಳು ಕುಲುಕುತ್ತಿದ್ದವು.

“ಅಲ್ಲಾಡ್ಬೇಡಿ ಟೀಚರ್. ಮರೆತುಹೋಗುತ್ತೆ.”

ಟಕ್. ಟಕ್. ಆಮೇಲೆ ದೊಡ್ಡ ಗುಂಡಿಯ ಸದ್ದು.

“ಹ್ಞಾಂ. ಈಗ ತಿರುಗಿ.”

ಇಳಿಯಲು ಐವತ್ತು ನಿಮಿಷ ಹಿಡಿಯಿತು. ಇಬ್ಬರೂ ಒಂದೇ ಕುರ್ಚಿಯಲ್ಲಿ ಕೂತು, ಪರದೆಯ ಮೇಲೆ ಹಸಿರು ಪಟ್ಟಿ ಎಡದಿಂದ ಬಲಕ್ಕೆ ತೆವಳುವುದನ್ನು ನೋಡಿದರು. ಇಳಿದ ಮೇಲೆ ಸರಿಯಾಗಿದೆಯೋ ಎಂದು ಅಲ್ಲಲ್ಲಿ ತೆರೆದರು. ಹಲಿಗೆ ಬಾಲ ಬಂದಿತ್ತು. ಟಿಚರ್ ನಿದೆ ಮಾಡುತ್ತಿದ್ದರು. ಕೆಂಪು ಪೆನ್ನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಓದಿದಳು.

ಆರು ಗಂಟೆಗೆ ಕಂಪನಿ ಗೋಡೆಯನ್ನು ಮುಚ್ಚಿತು. ಮಕ್ಕಳು ಬರೆದದ್ದು ಒಂದೂ ಅಳಿದಿರಲಿಲ್ಲ.