ಹೆಸರು ಕಿತ್ತ ಜಾಗ

ಜೇಬಿನ ಮೇಲೆ ಮಾಸದ ಪಟ್ಟೆಯೊಂದು, ಸುತ್ತಲಿನ ಬಟ್ಟೆಯೆಲ್ಲ ಬಿಸಿಲಿಗೆ ಬಣ್ಣಗೆಟ್ಟಿದ್ದರೂ ಹೆಸರುಪಟ್ಟಿಯ ಅಡಿಯಲ್ಲಿದ್ದಷ್ಟು ಜಾಗ ಹೊಚ್ಚಹೊಸದು, ಬ್ಲೇಡಿನ ಮೂಲೆಯಲ್ಲಿ ಹೊಲಿಗೆ ಕೊಯ್ದು ಎಳೆದರೆ ಚರ್ರನೆ ಬರುತ್ತದೆ ಪೊಲೀಸಪ್ಪನ ಹೆಸರು, ಇನ್ನೊಂದು ಅಂಗಿ, ಮತ್ತೊಂದು, ಗುಡ್ಡೆ ಕರಗುತ್ತಲೇ ಇಲ್ಲ — ಈ ಟೈಲರ್ ಅಂಗಡಿಯ ಮೇಜಿನಲ್ಲಿ ಕೂತು ಇವನ್ನೆಲ್ಲ ಹೊಲಿದು ಕೂರಿಸಿದವಳೂ ಅವಳೇ, ಒಂದು ಸೊಟ್ಟಗಾದರೆ ಮಾಸ್ಟರ್ ಆಕಾಶ ಭೂಮಿ ಒಂದು ಮಾಡುತ್ತಿದ್ದ, ಈಗ ಕೀಳು ಅನ್ನುತ್ತಾನೆ, ಯಾಕೆ ಮಾಸ್ಟರೇ, ಎಲ್ಲರ ಹೆಸರೂ ಒಟ್ಟಿಗೇ ತಪ್ಪಾಯ್ತಾ, ಮೇಲಿನಿಂದ ಆರ್ಡರಮ್ಮ, ನಾಳೆ ಕಾಲೇಜ್ ಗೇಟ್ ಖಾಲಿ ಮಾಡಿಸ್ತಾರಂತೆ, ಮಾತು ಕಮ್ಮಿ ಮಾಡು. ಗೇಟು. ಜೈಲಿಗೆ ಹಾಕಿದ ಗೆಳೆಯರನ್ನು ಬಿಡಿ ಎಂದು ಮಗಳು ಕೂತಿರುವ ಗೇಟು, ಬೆಳಿಗ್ಗೆ ನಲ್ಲಿಯಡಿ ಬಾಟಲಿ ಹಿಡಿದು ನಿಂತಿದ್ದಳು, ಸುಮ್ನೆ ಕೂತ್ರೆ ಸರ್ಕಾರ ಬಗ್ಗುತ್ತೇನೇ ಪೆದ್ದಿ, ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ, ಅಮ್ಮಾ, ನಾವು ಕಲ್ಲು ಎತ್ತಲಿ ಅಂತಾನೇ ಅವ್ರು ಕಾಯ್ತಿರೋದು, ನಾವು ಎದೆ ಮೇಲಿನ ಹೆಸರು ಓದಿ ಕರೀತೀವಿ, ಅಣ್ಣಾ, ಬಿಸಿಲಲ್ಲಿ ನಿಂತಿದ್ದೀರ, ನೀರು ಕುಡೀರಿ ಅಂತೀವಿ, ನಿನ್ನೆ ಒಬ್ರು ಲಾಠಿ ಕಂಕುಳಿಗೆ ಸಿಕ್ಕಿಸ್ಕೊಂಡು ಕುಡಿದೇಬಿಟ್ರು, ಹೊಡೀರಿ ಅಂತ ಸಾಹೇಬ್ರು ಕಿರುಚಿದ್ರೂ ಇಡೀ ಸಾಲಲ್ಲಿ ಒಬ್ರೂ ಕೈ ಎತ್ತಲಿಲ್ಲ ಕಣಮ್ಮಾ.

ಥೂ, ಇಷ್ಟೇನಾ ಈ ಸರ್ಕಾರದವರ ಎದೆಗಾರಿಕೆ, ಬಂದೂಕು ಇವರದು, ಜೈಲು ಇವರದು, ಟೀವಿಯಲ್ಲಿ ಅರಚುವ ಬಾಯಿಯೂ ಇವರದೇ, ಬರಿಗೈಯ ಮಕ್ಕಳು ಅಣ್ಣಾ ಅಂದದ್ದಕ್ಕೆ ತೊಡೆ ನಡುಗಿ ಹೆಸರು ಕೀಳಿಸುತ್ತಾರೆ — ಅಂದರೆ ಸರ್ಕಾರ ಬಗ್ಗಿದೆ, ಬಗ್ಗದಿದ್ದರೆ ಈ ಗುಡ್ಡೆ ಅವಳ ಮೇಜಿಗೇಕೆ ಬರುತ್ತಿತ್ತು, ಮಗಳು ಹೇಳಿದ್ದೇ ಸರಿ, ಪೆದ್ದಿ ತಾನು, ಹೆಸರಿದ್ದವನಿಗೆ ಮನೆಯಿದೆ, ತಂಗಿಯಿದ್ದಾಳೆ, ನಾಳೆ ಬೀದಿಯಲ್ಲಿ ಮುಖ ತೋರಿಸಬೇಕು, ಹೆಸರಿಲ್ಲದವನ ಕೈಗೆ ಯಾರ ಹಂಗು, ಹಾಗಿದ್ದೂ ಕೀಳುತ್ತಿರುವ ಕೈ ಯಾರದು, ಹೆತ್ತ ಕೈ, ಜಡೆ ಹೆಣೆದ ಕೈ, ಆ ತಲೆಗೆ ಬೀಳುವ ಏಟಿಗೆ ಇಲ್ಲಿ ಕೂತು ದಾರಿ ಬಿಡಿಸುತ್ತಿದೆ. ಏನಮ್ಮ, ಕೈ ನಿಂತುಬಿಡ್ತು. ಬ್ಲೇಡು ನೀವೇ ಹಿಡ್ಕೊಳ್ಳಿ ಮಾಸ್ಟರೇ, ನನ್ನಿಂದಾಗಲ್ಲ. ನಾಳೆಯಿಂದ ಬರಬೇಡ ಹಾಗಾದ್ರೆ. ಬರಲ್ಲ, ನಾಳೆ ನಂಗೂ ಗೇಟ್ ಹತ್ರ ಕೆಲಸ ಇದೆ — ಅಂದೇಬಿಟ್ಟಳೇ, ಬಾಡಿಗೆ, ಫೀಸು, ಇರಲಿ, ಆಮೇಲೆ, ಆದರೆ ಆಚೆ ಮೇಜಿನವಳು ತಲೆಯೆತ್ತದೆ ಅದೇ ಗುಡ್ಡೆಗೆ ಕೈ ಹಾಕಿದ್ದಾಳೆ, ಚರ್, ಚರ್, ನಿಲ್ಲುವುದಿಲ್ಲ, ನಾಳೆ ಮಗಳು ಬಾಟಲಿ ಚಾಚುತ್ತಾಳೆ, ಪಕ್ಕದಲ್ಲಿ ತಾನು, ಅಣ್ಣಾ ಅನ್ನುತ್ತಾಳೆ, ಹೆಸರಿಗಾಗಿ ಅವಳ ಕಣ್ಣು ಮೇಲೇಳುತ್ತದೆ, ಗುಂಡಿ, ಜೇಬು, ಜೇಬಿನ ಮೇಲೆ — ಮಾಸದ ಪಟ್ಟೆ, ಮಾಸದ ಪಟ್ಟೆ